ಸಾಯಲಾರದವನು ಮತ್ತು ಸಾಯಬಲ್ಲವಳು: ‘ಗಾಬ್ಲಿನ್’ ಧಾರಾವಾಹಿಯ ವಿಮರ್ಶೆ

ದಕ್ಷಿಣ ಕೊರಿಯಾದ ಟಿವಿಎನ್ ಎಂಬ ಕೇಬಲ್ ವಾಹಿನಿಯಲ್ಲಿ 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ 16 ಕಂತುಗಳಲ್ಲಿ ಪ್ರಸಾರವಾದ ‘ಗಾರ್ಡಿಯನ್: ದ ಲೋನ್ಲಿ ಆ್ಯಂಡ್ ಗ್ರೇಟ್ ಗಾಡ್’ ಧಾರಾವಾಹಿ ‘ಗಾಬ್ಲಿನ್’ ಎಂಬ ಮೊಟಕು ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿದ್ದು, ದೇವತೆ ಮತ್ತು ಮನುಷ್ಯರ ನಡುವಿನ ಪ್ರೇಮವನ್ನು ವಸ್ತುವಾಗಿ ತೆಗೆದುಕೊಂಡ ಕೊರಿಯನ್ ದೃಶ್ಯಕಥನಗಳಲ್ಲಿ ಅತ್ಯಂತ ಗಂಭೀರವಾದ ಪ್ರಯತ್ನವೆಂದು ಪರಿಗಣಿಸಲು ಯೋಗ್ಯವಾಗಿದೆ. ಕಿಮ್ ಉನ್-ಸುಕ್ ಬರೆದು ಲೀ ಉಂಗ್-ಬೋಕ್ ನಿರ್ದೇಶಿಸಿದ ಈ ಕೃತಿಯ ಕೊನೆಯ ಕಂತು ಶೇಕಡಾ 20ಕ್ಕೂ ಮಿಕ್ಕಿದ ವೀಕ್ಷಕ ಪ್ರಮಾಣವನ್ನು ಗಳಿಸಿತು. ಕೊರಿಯಾದ ಕೇಬಲ್ ವಾಹಿನಿಯೊಂದರ ಧಾರಾವಾಹಿ ಆ ಗಡಿಯನ್ನು ದಾಟಿದ್ದು ಅದೇ ಮೊದಲು. ಆದರೆ ಜನಪ್ರಿಯತೆಯ ಲೆಕ್ಕವನ್ನು ಪಕ್ಕಕ್ಕಿಟ್ಟು ಕೃತಿಯ ಒಳಗನ್ನೇ ನೋಡಿದರೆ ಅಲ್ಲೊಂದು ಬಿರುಕು ಕಾಣುತ್ತದೆ: ಸಾವಿನ ಕುರಿತು ಯೋಚಿಸುವಾಗ ಅಸಾಮಾನ್ಯ ಧೈರ್ಯವನ್ನು ತೋರುವ ಈ ಧಾರಾವಾಹಿ, ಪ್ರೇಮದ ಕುರಿತು ಯೋಚಿಸುವಾಗ ಅದೇ ಧೈರ್ಯವನ್ನು ಕೊನೆಯವರೆಗೆ ಉಳಿಸಿಕೊಳ್ಳುವುದಿಲ್ಲ.

ಕಥೆಯ ಬೇರು ಗೊರ್ಯೊ ರಾಜವಂಶದ ಕಾಲದಲ್ಲಿದೆ. ಕ್ರಿ.ಶ. 918ರಿಂದ 1392ರವರೆಗೆ ಕೊರಿಯಾ ಪರ್ಯಾಯದ್ವೀಪವನ್ನು ಆಳಿದ ಈ ವಂಶದ ಯಾವುದೋ ಒಂದು ಕಲ್ಪಿತ ಆಳ್ವಿಕೆಯಲ್ಲಿ, ಯುದ್ಧಗಳನ್ನು ಗೆದ್ದು ಜನರ ಆರಾಧನೆಗೆ ಪಾತ್ರನಾದ ಸೇನಾನಿ ಕಿಮ್ ಶಿನ್‌ನನ್ನು (ಗೊಂಗ್ ಯೂ), ಪಾರ್ಕ್ ಜೂಂಗ್-ಹೊನ್ ಎಂಬ ದುಷ್ಟ ಆಸ್ಥಾನಿಕನ ಮಾತು ಕೇಳಿ ಅಸೂಯೆಯಿಂದ ಕುದಿಯುವ ಎಳೆಯ ರಾಜ ವಾಂಗ್ ಯೊ ಕೊಲ್ಲಿಸುತ್ತಾನೆ. ಸೇನಾನಿಯ ತಂಗಿಯೂ ಆಗಿರುವ ರಾಣಿ ಅದೇ ದಿನ ಬಾಣಕ್ಕೆ ಬಲಿಯಾಗುತ್ತಾಳೆ. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಕಿಮ್ ಶಿನ್‌ನನ್ನು ದೈವವು ಮತ್ತೆ ಎಬ್ಬಿಸುತ್ತದೆ, ಆದರೆ ಎದೆಯಲ್ಲಿ ನೆಟ್ಟ ಖಡ್ಗದೊಂದಿಗೆ. ಜನರ ಪ್ರಾರ್ಥನೆಗೆ ಸಂದ ವರ ಮತ್ತು ಅವನು ಯುದ್ಧಗಳಲ್ಲಿ ಹರಿಸಿದ ರಕ್ತಕ್ಕೆ ಸಂದ ಶಿಕ್ಷೆ ಎರಡೂ ಒಂದೇ ಆಗಿ, ಅವನಿಗೆ ಅಮರತ್ವ ಪ್ರಾಪ್ತವಾಗುತ್ತದೆ. ಆ ಖಡ್ಗವನ್ನು ಕೀಳಬಲ್ಲವಳು ಅವನ ವಧು ಒಬ್ಬಳೇ, ಮತ್ತು ಅವಳು ಅದನ್ನು ಕಿತ್ತ ಕ್ಷಣವೇ ಅವನ ಬಿಡುಗಡೆ, ಅಂದರೆ ಅವನ ಸಾವು. ಒಂಬತ್ತು ಶತಮಾನಗಳ ಕಾಯುವಿಕೆಯ ನಂತರ ಅವನಿಗೆ ಸಿಗುವ ಜಿ ಉನ್-ತಾಕ್ (ಕಿಮ್ ಗೊ-ಉನ್) ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸಾಯಬೇಕಾಗಿದ್ದ, ಅವನ ಕರುಣೆಯಿಂದ ಹುಟ್ಟಿದ, ಒಂಬತ್ತನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆಯಲ್ಲಿ ಬೈಗುಳ ತಿಂದು ಬೆಳೆದ, ಪ್ರೇತಗಳನ್ನು ಕಾಣಬಲ್ಲ ಶಾಲಾ ಹುಡುಗಿ.

ಹೀಗೆ ಮರಳಿ ಎದ್ದ ಕಿಮ್ ಶಿನ್ ‘ದೊಕ್ಕೆಬಿ’, ಅಂದರೆ ಶೀರ್ಷಿಕೆಯ ‘ಗಾಬ್ಲಿನ್’. ಆದರೆ ಕೊರಿಯಾದ ಜಾನಪದದಲ್ಲಿ ದೊಕ್ಕೆಬಿ ಎಂದರೆ ಇಷ್ಟು ಘನವಾದ, ದುಃಖಭರಿತವಾದ ದೇವತೆಯೇನೂ ಅಲ್ಲ. ಅದು ಸತ್ತ ಮನುಷ್ಯನ ಪ್ರೇತವಲ್ಲ; ಮನುಷ್ಯರ ಕೈ ತಾಗಿ ಹಳತಾದ ಅಥವಾ ರಕ್ತದ ಕಲೆ ಹತ್ತಿದ ಪೊರಕೆಯಂತಹ ವಸ್ತುವಿನಲ್ಲಿ ಜೀವ ತುಂಬಿ ಎದ್ದುಬರುವ ಚೇಷ್ಟೆಯ ಸತ್ವ. ದಾರಿಹೋಕರನ್ನು ಕುಸ್ತಿಗೆ ಕರೆಯುವುದು, ಮಾಯದ ದೊಣ್ಣೆಯಿಂದ ಸಂಪತ್ತನ್ನು ಉದುರಿಸುವುದು ಅದರ ಸ್ವಭಾವ. 13ನೇ ಶತಮಾನದ ಬೌದ್ಧ ಭಿಕ್ಷು ಇರ್ಯೊನ್ ಸಂಕಲಿಸಿದ ‘ಸಮ್‌ಗುಕ್ ಯುಸಾ’ದಲ್ಲಿ ಬಿಹ್ಯೊಂಗ್ ಎಂಬವನು ಇಂತಹ ಭೂತಗಣವನ್ನು ಕೂಡಿಸಿ ಒಂದೇ ರಾತ್ರಿಯಲ್ಲಿ ಸೇತುವೆ ಕಟ್ಟಿಸಿದ ಕಥೆಯಿದೆ. ಕಿಮ್ ಉನ್-ಸುಕ್ ಈ ಹಳ್ಳಿಗಾಡಿನ ಚೇಷ್ಟೆಗಾರನನ್ನು ರಾಜಕೀಯ ದ್ರೋಹಕ್ಕೆ ಬಲಿಯಾದ ವೀರನನ್ನಾಗಿ ಮಾರ್ಪಡಿಸಿದ್ದಾರೆ. ರಕ್ತ ತಾಗಿದ ವಸ್ತುವೆಂಬ ನಂಬಿಕೆಯನ್ನು ಅವರು ಬಿಟ್ಟುಕೊಟ್ಟಿಲ್ಲ. ಪೊರಕೆಯ ಜಾಗದಲ್ಲಿ ಸಾವಿರಾರು ಜನರ ರಕ್ತ ಕಂಡ ಖಡ್ಗವನ್ನು ಇಟ್ಟಿದ್ದಾರೆ, ಅಷ್ಟೇ.

ಜಾನಪದವನ್ನು ಮುರಿದು ಕಟ್ಟುವ ಈ ಕಸುಬು ಎಷ್ಟು ಸೂಕ್ಷ್ಮವಾಗಿದೆ ಎಂಬುದನ್ನು ತಿಳಿಯಲು ಒಂದು ಧಾನ್ಯದ ಜಾಡನ್ನು ಹಿಡಿದರೆ ಸಾಕು. ಬಕ್‌ವೀಟ್, ಅಂದರೆ ಉತ್ತರ ಭಾರತದಲ್ಲಿ ಉಪವಾಸದ ದಿನಗಳಲ್ಲಿ ಬಳಸುವ ಕುಟ್ಟು, ದೊಕ್ಕೆಬಿಗೆ ಬಲು ಇಷ್ಟವೆಂದು ಕೊರಿಯನ್ನರ ನಂಬಿಕೆ. ಅದರ ಹಿಟ್ಟಿನಿಂದ ಮಾಡಿದ ಮೆತ್ತನೆಯ ತಿನಿಸನ್ನು ಎಡೆಯಿಟ್ಟು ಮೀನುಗಾರರು ಒಳ್ಳೆಯ ಹಿಡಿತಕ್ಕಾಗಿ ಬೇಡಿಕೊಳ್ಳುತ್ತಿದ್ದರು. ಧಾರಾವಾಹಿಯಲ್ಲಿ ಮುನ್ನೆಲೆಗೆ ಬರುವುದು ಈ ತಿನಿಸಲ್ಲ, ಆ ಧಾನ್ಯದ ಬಿಳಿ ಹೂವು. ಸೇನಾನಿ ಮತ್ತೆ ಎದ್ದೇಳುವ ಮೊದಲು ಅವನ ಖಡ್ಗವಿರುವುದು ಕುಟ್ಟಿನ ಹೂ ಹರಡಿದ ಬಯಲಿನಲ್ಲಿ. ಶತಮಾನಗಳ ನಂತರ ಗಾಂಗ್‌ನುಂಗ್ ನಗರದ ಜುಮುನ್‌ಜಿನ್ ಕಡಲತೀರದ ಕಲ್ಲಿನ ಒಡ್ಡಿನ ಮೇಲೆ ತನ್ನ ಹುಟ್ಟುಹಬ್ಬಕ್ಕೆ ಒಬ್ಬಳೇ ಮೇಣದಬತ್ತಿ ಹಚ್ಚಿ, ಬೇಡಿಕೊಂಡು, ಊದಿ ಆರಿಸುವ ಉನ್-ತಾಕ್‌ಳ ಎದುರು ಅವನು ದಿಢೀರನೆ ಪ್ರತ್ಯಕ್ಷನಾದಾಗ ಅವನ ಕೈಯಲ್ಲಿರುವುದೂ ಅದೇ ಹೂವಿನ ಗೊಂಚಲು. ಅದು ಯಾರಿಗೆಂದು ತಿಳಿಯದೆ ತಂದವನು ಮತ್ತು ತನಗೇ ಇರಬೇಕೆಂದು ಕೇಳಿ ಪಡೆಯುವವಳು, ಇಬ್ಬರೂ ಅಲ್ಲಿ ಎದುರುಬದುರು ನಿಲ್ಲುತ್ತಾರೆ. ನೈವೇದ್ಯವನ್ನು ಪಡೆಯಬೇಕಾದ ದೇವತೆಯೇ ಅದನ್ನು ಮನುಷ್ಯಳಿಗೆ ಒಪ್ಪಿಸುವ ಈ ಅದಲುಬದಲು ಮಾತಿನಲ್ಲಿ ಎಲ್ಲೂ ವಿವರಣೆಗೊಳ್ಳದೆ ದೃಶ್ಯದಲ್ಲೇ ನೆಲೆಸಿರುವುದು ನಿರ್ದೇಶಕರ ಸಂಯಮಕ್ಕೆ ಸಾಕ್ಷಿಯಾಗಿದೆ.

ಬೆಂಕಿಯನ್ನು ಊದಿ ಆರಿಸಿದಾಗಲೆಲ್ಲ ಅವನು ಬಂದು ನಿಲ್ಲಲೇಬೇಕು ಎಂಬ ನಿಯಮವೂ ಇದೇ ಅದಲುಬದಲಿನ ಮುಂದುವರಿಕೆ. ದೂರ್ವಾಸರು ಕೊಟ್ಟ ಮಂತ್ರವನ್ನು ಕುತೂಹಲಕ್ಕೆಂದು ಜಪಿಸಿ ಸೂರ್ಯನನ್ನು ಬರಮಾಡಿಕೊಂಡ ಕುಂತಿಯ ಕಥೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಸನ್ನಿವೇಶದ ಒಳಗಿನ ಅಪಾಯ ಕೂಡಲೇ ತಿಳಿಯುತ್ತದೆ, ಏಕೆಂದರೆ ಕರೆಯುವ ಶಕ್ತಿ ಹುಡುಗಿಯದಾದರೂ ಕರೆದ ಮೇಲಿನ ಭಾರವೂ ಅವಳದೇ ಆಗುತ್ತದೆ. ಈ ಭಾರವನ್ನು ಧಾರಾವಾಹಿ ಬೇರೊಂದು ರೀತಿಯಲ್ಲಿ, ಬಹಳ ಕಠಿಣವಾಗಿ ಹೊರಿಸುತ್ತದೆ. ಖಡ್ಗವನ್ನು ಕಿತ್ತರೆ ಅವನು ಸಾಯುತ್ತಾನೆಂಬುದನ್ನು ಅವಳಿಂದ ಮುಚ್ಚಿಟ್ಟು ಅರ್ಧ ಕಥೆ ಸಾಗುತ್ತದೆ. ಸತ್ಯ ತಿಳಿದು ಅವಳು ಕೀಳಲು ನಿರಾಕರಿಸಿದ ಮೇಲೆ, ಕೀಳದಿದ್ದರೆ ಸಾವು ಅವಳನ್ನೇ ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತದೆಂಬ ಎರಡನೇ ಸತ್ಯ ಹೊರಬೀಳುತ್ತದೆ. ಪ್ರೇಮವೇ ಮರಣದಂಡನೆಯ ಉಪಕರಣವಾಗುವ ಈ ರಚನೆ 13ನೇ ಕಂತಿನಲ್ಲಿ, ಪ್ರೇತವಾಗಿ ಉಳಿದ ಪಾರ್ಕ್ ಜೂಂಗ್-ಹೊನ್ ಉನ್-ತಾಕ್‌ಳ ದೇಹವನ್ನು ಆವರಿಸಿದಾಗ ತನ್ನ ತುದಿಯನ್ನು ಮುಟ್ಟುತ್ತದೆ. ಕಿಮ್ ಶಿನ್ ಅವಳ ಕೈಯನ್ನೇ ಹಿಡಿದು ತನ್ನ ಎದೆಯ ಖಡ್ಗವನ್ನು ಎಳೆದು, ಅದರಿಂದ ವೈರಿಯನ್ನು ಸೀಳಿ, ಬೂದಿಯಾಗಿ ಚದುರುತ್ತಾನೆ. ಅತ್ತ ಕಣ್ಣೀರು ಬರಿಸುವ ಹಂಬಲಕ್ಕೂ ಇತ್ತ ತರ್ಕಕ್ಕೂ ಒಟ್ಟಿಗೇ ನಿಷ್ಠವಾಗಿರುವ ಇಂತಹ ದೃಶ್ಯಗಳು ದೂರದರ್ಶನದ ಕಥನದಲ್ಲಿ ಅಪರೂಪ.

ಸಾವಿನ ಚಿಂತನೆ ಇದಕ್ಕಿಂತಲೂ ಆಳವಾಗಿರುವುದು ಯಮದೂತನ (ಲೀ ಡಾಂಗ್-ವುಕ್) ಪಾತ್ರದಲ್ಲಿ. ಭಾರತದ ಯಮನು ಬೌದ್ಧಧರ್ಮದ ಜೊತೆಗೆ ಚೀನಾವನ್ನು ಹಾದು ಕೊರಿಯಾವನ್ನು ತಲುಪಿ ಅಲ್ಲಿ ‘ಯೊಮ್ರಾ’ ಎಂಬ ಪರಲೋಕದ ದೊರೆಯಾದನು. ಅವನ ಅಪ್ಪಣೆಯಂತೆ ಪ್ರಾಣಗಳನ್ನು ಕರೆದೊಯ್ಯುವವರೇ ‘ಜೊಸಂಗ್ ಸಾಜಾ’, ಅಂದರೆ ಪರಲೋಕದ ದೂತರು. ಹಿಂದಿನ ಕಪ್ಪು ನಿಲುವಂಗಿ ಮತ್ತು ಅಗಲ ಟೊಪ್ಪಿಗೆಯನ್ನು ಬಿಟ್ಟು ಇಲ್ಲಿಯ ದೂತರು ಕಪ್ಪು ಸೂಟು ಮತ್ತು ಹ್ಯಾಟನ್ನು ಧರಿಸುತ್ತಾರೆ. ಸಾಯಬೇಕಾದವರ ಹೆಸರು ಮತ್ತು ಗಳಿಗೆ ಬರೆದ ಚೀಟಿಗಳನ್ನು ಹಿಡಿದು, ಸರ್ಕಾರಿ ನೌಕರರಂತೆ ಕಡತ ತುಂಬುತ್ತಾರೆ. ಹಿಂದಿನ ಜನ್ಮದಲ್ಲಿ ಮಹಾಪಾಪ ಮಾಡಿದವರೇ ನೆನಪು ಅಳಿದು ಈ ಕೆಲಸಕ್ಕೆ ಬೀಳುತ್ತಾರೆ ಎಂಬುದು ಕಥೆಯ ನಿಯಮ, ಮತ್ತು ಈ ದೂತನೇ ಒಂಬತ್ತು ಶತಮಾನಗಳ ಹಿಂದಿನ ರಾಜ ವಾಂಗ್ ಯೊ ಎಂಬುದು ಕಥೆಯ ಗುಟ್ಟು. ಸತ್ತವರು ಅವನ ಚಹಾದ ಕೋಣೆಗೆ ಬಂದು ಒಂದು ಬಟ್ಟಲು ಚಹಾ ಕುಡಿದು ಈ ಲೋಕವನ್ನು ಮರೆತು ಹೊರಡುತ್ತಾರೆ. ಚೀನೀ ನಂಬಿಕೆಯಲ್ಲಿ ಮರೆವಿನ ಸಾರನ್ನು ಬಡಿಸುವ ಮೆಂಗ್ ಪೊ ಎಂಬ ಮುದುಕಿಯ ನೆನಪು ಇದರ ಹಿಂದಿದೆ. ಕಣ್ಣು ಕಾಣದ ಮನುಷ್ಯನೊಬ್ಬ ಈ ಕೋಣೆಯಿಂದ ಹೊರಟಾಗ, ಮುಂಚೆಯೇ ಸತ್ತಿದ್ದ ಅವನ ದಾರಿ ತೋರುವ ನಾಯಿ ಅವನಿಗಾಗಿ ಕಾದು ನಿಂತಿರುವ ಪುಟ್ಟ ಪ್ರಸಂಗ ಮುಖ್ಯ ಕಥೆಗೆ ಏನನ್ನೂ ಸೇರಿಸುವುದಿಲ್ಲ. ಆದರೂ ಮರಣವನ್ನು ಶಿಕ್ಷೆಯೆಂದು ನೋಡುವ ರೂಢಿಯನ್ನು ಅದು ಅಲುಗಾಡಿಸುತ್ತದೆ. ಸಾಯುವುದು ಮನುಷ್ಯರಿಗೆ ಸಿಕ್ಕ ಸೌಲಭ್ಯ, ನೆನಪಿಟ್ಟುಕೊಂಡು ಉಳಿಯುವುದೇ ದಂಡನೆ ಎಂಬ ಕೃತಿಯ ನಂಬಿಕೆ ಇಂತಹ ಕಡೆಗಳಲ್ಲಿ ನಿಜವೆನಿಸುತ್ತದೆ. ಕೆನಡಾದ ಕ್ವಿಬೆಕ್ ನಗರದ ಗುಡ್ಡದ ಮೇಲೆ ಕಿಮ್ ಶಿನ್ ತಾನೇ ಹೂಳಿದ ತಲೆಮಾರುಗಳ ಸೇವಕರ ಸಮಾಧಿಗಳು ಈ ಮಾತಿಗೆ ಇನ್ನೊಂದು ಆಧಾರ.

ಇಷ್ಟು ಭಾರವನ್ನು ಕೃತಿ ಹೊರುವುದು ಹಾಸ್ಯದ ನೆರವಿನಿಂದ. ಕಿಮ್ ಶಿನ್‌ನ ಮನೆಯನ್ನು ಅವನಿಗೆ ತಿಳಿಯದೆ ಯಮದೂತನಿಗೆ ಬಾಡಿಗೆಗೆ ಕೊಟ್ಟ ತಪ್ಪಿನಿಂದಾಗಿ ದೊಕ್ಕೆಬಿಯೂ ಯಮದೂತನೂ ಒಂದೇ ಸೂರಿನಡಿ ಜಗಳವಾಡುತ್ತ ಬಾಳಬೇಕಾಗುತ್ತದೆ. ಉನ್-ತಾಕ್‌ಳನ್ನು ದುಷ್ಟರಿಂದ ಬಿಡಿಸಲು ಇಬ್ಬರೂ ಮಂಜಿನೊಳಗಿಂದ ನಡೆದುಬರುವ ಗಂಭೀರ ದೃಶ್ಯವು, ಮುಂದೆ ಅಂಗಡಿಯಿಂದ ಈರುಳ್ಳಿ ಸೊಪ್ಪಿನ ಕಟ್ಟು ಹಿಡಿದು ಅದೇ ಠೀವಿಯಲ್ಲಿ ಬರುವಾಗ ನಗೆಯಾಗಿ ಮರುಕಳಿಸುತ್ತದೆ. ಸಂಗೀತ ಮತ್ತು ಛಾಯಾಗ್ರಹಣದ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಬಳಸುವ ಸರಕುಗಳನ್ನೆಲ್ಲ ಕ್ಯಾಮೆರಾದ ಮುಂದೆ ಹಿಡಿದು ತೋರಿಸುವ ಒಳಜಾಹೀರಾತು ಮಾತ್ರ, ಎಷ್ಟೋ ಒಳ್ಳೆಯ ಸಂಭಾಷಣೆಗಳ ನಡುವೆ ತಲೆಹಾಕಿ ರಸಭಂಗ ಮಾಡುತ್ತದೆ.

ಪ್ರೇಮದ ಪ್ರಶ್ನೆಗೆ ಬಂದರೆ, ದೇವತೆಯನ್ನೂ ಮನುಷ್ಯಳನ್ನೂ ಸಮಾನರನ್ನಾಗಿ ಮಾಡುವುದು ಹೇಗೆ ಎಂಬುದು ಈ ಬಗೆಯ ಎಲ್ಲ ಕಥೆಗಳೂ ಎದುರಿಸಬೇಕಾದ ತೊಡಕು. ಅದೇ ವಾಹಿನಿ 2017ರಲ್ಲಿ ಪ್ರಸಾರ ಮಾಡಿದ ‘ದ ಬ್ರೈಡ್ ಆಫ್ ಹಾಬೇಕ್’ ಧಾರಾವಾಹಿಯು ಜಲದೇವತೆ ಹಾಬೇಕ್‌ನನ್ನು ಭೂಮಿಗಿಳಿಸಿ, ಶಕ್ತಿಗಳನ್ನು ಕಿತ್ತುಕೊಂಡು, ಸಾಲದ ಹೊರೆಯಲ್ಲಿರುವ ಮನೋವೈದ್ಯೆಯೊಬ್ಬಳ ಆಸರೆಗೆ ತಂದು ನಿಲ್ಲಿಸುತ್ತದೆ; ಗೊಗುರ್ಯೊ ರಾಜ್ಯದ ಸ್ಥಾಪಕ ಜುಮೊಂಗ್‌ನ ತಾಯಿ ಯುಹ್ವಾಳ ತಂದೆಯೆಂದು ಪುರಾಣ ಹೇಳುವ ನದಿದೇವತೆ ಅಲ್ಲಿ ಬರಿಯ ಹೆಸರಾಗಿ ಉಳಿಯುತ್ತಾನೆ. ದೇವತೆಯನ್ನು ಕುಗ್ಗಿಸಿ ಪಡೆದ ಆ ಸಮಾನತೆ ಸುಲಭದ್ದು ಮತ್ತು ತೆಳುವಾದದ್ದು. ‘ಗಾಬ್ಲಿನ್’ ಆ ದಾರಿಯನ್ನು ಹಿಡಿಯದಿರುವುದು ಅದರ ಹೆಗ್ಗಳಿಕೆ, ಆದರೆ ಹಾಗೆ ಮಾಡಿದ್ದರಿಂದ ಅಂತರವೆಲ್ಲ ಉಳಿದುಬಿಟ್ಟಿದೆ: ಅವನಿಗೆ ಒಂಬತ್ತು ಶತಮಾನಗಳ ಅನುಭವ, ತೀರದ ಸಂಪತ್ತು, ಭವಿಷ್ಯದ ಅರಿವು; ಅವಳಿಗೆ ಕೊರಿಯಾದ ಹಳೆಯ ಲೆಕ್ಕದಲ್ಲಿ ಹತ್ತೊಂಬತ್ತು ವರ್ಷ, ಶಾಲಾ ಸಮವಸ್ತ್ರ, ಮಲಗಲು ಜಾಗವಿಲ್ಲದ ಬಡತನ. ಅವಳು ಅವನನ್ನು ಕರೆಯುವ ‘ಅಜೊಶಿ’ ಎಂಬ ಸಂಬೋಧನೆ ನಡುವಯಸ್ಸಿನ ಪರಗಂಡಸರಿಗೆ ಸಲ್ಲುವಂಥದ್ದು. ಪೋಷಕನ ಕರುಣೆ ಎಲ್ಲಿ ಮುಗಿದು ಪ್ರಿಯಕರನ ಬಯಕೆ ಎಲ್ಲಿ ಆರಂಭವಾಗುತ್ತದೆಂಬುದನ್ನು ಬರವಣಿಗೆ ಪ್ರಾಮಾಣಿಕವಾಗಿ ಪರಿಶೀಲಿಸುವುದಿಲ್ಲ. ಕಿಮ್ ಗೊ-ಉನ್ ಅವರ ಅಂಜಿಕೆಯಿಲ್ಲದ, ವ್ಯವಹಾರಕ್ಕೆ ಕುಳಿತವಳಂತೆ ಚೌಕಾಶಿ ಮಾಡುವ ಅಭಿನಯವೇ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಅವನು ಬೂದಿಯಾಗಿ ಚದುರಿದ ನಂತರದ ಒಂಬತ್ತು ವರ್ಷಗಳ ಅಗಲಿಕೆ ಈ ತೊಡಕನ್ನು ಬಿಡಿಸುವ ಉಪಾಯವಾಗಿ ಬರುತ್ತದೆ. ಇಪ್ಪತ್ತೊಂಬತ್ತರ ಉನ್-ತಾಕ್ ರೇಡಿಯೊದಲ್ಲಿ ಕಾರ್ಯಕ್ರಮ ನಿರ್ಮಾಪಕಿಯಾಗಿದ್ದಾಳೆ, ಅವನ ನೆನಪು ಅಳಿಸಿಹೋಗಿದೆ, ಆದರೂ ಕಾರಣ ತಿಳಿಯದ ದುಃಖ ಉಳಿದಿದೆ. ಮೇಣದಬತ್ತಿಯನ್ನು ಊದಿ ಅವಳೇ ಅವನನ್ನು ಶೂನ್ಯದಿಂದ ಹಿಂದಕ್ಕೆ ಕರೆಯುತ್ತಾಳೆ. ನೆನಪು ಮರಳುವವರೆಗಿನ ಕಂತುಗಳು ಕಾಕತಾಳೀಯಗಳ ಮೇಲೆ ನಿಂತು ಸಡಿಲವಾಗಿವೆಯಾದರೂ, ಮದುವೆಯ ನಂತರ ಬರುವ ಅವಳ ಸಾವು ಇಡೀ ಕೃತಿಯ ನೈತಿಕ ಶಿಖರವಾಗಿದೆ. ಇಳಿಜಾರಿನಲ್ಲಿ ಚಾಲಕನಿಲ್ಲದೆ ಉರುಳಿಬರುವ ಲಾರಿ ಪುಟ್ಟ ಮಕ್ಕಳ ಶಾಲಾ ವಾಹನಕ್ಕೆ ಬಡಿಯಲಿರುವುದನ್ನು ಕಂಡು ಅವಳು ತನ್ನ ಕಾರನ್ನು ಅಡ್ಡ ನಿಲ್ಲಿಸುತ್ತಾಳೆ. ಯಮದೂತನ ಚೀಟಿಯಲ್ಲಿ ಮೊದಲೇ ಬರೆಯಲಾಗದ, ದೈವದ ಲೆಕ್ಕಕ್ಕೂ ಸಿಗದ ಈ ಸಾವು ಅವಳ ಸ್ವಂತ ತೀರ್ಮಾನ. ಸಾಯಲು ಮತ್ತೊಬ್ಬರ ಕೈಯನ್ನು ಕಾಯಬೇಕಾಗಿದ್ದ ದೇವತೆಗೆ ಎಂದೂ ದಕ್ಕದ ಸ್ವಾತಂತ್ರ್ಯ ಅದು, ಮತ್ತು ಅಲ್ಲಿ ಮೊದಲ ಬಾರಿಗೆ ಅವಳು ಅವನಿಗಿಂತ ಎತ್ತರದಲ್ಲಿ ನಿಲ್ಲುತ್ತಾಳೆ.

ಮರೆವಿನ ಚಹಾವನ್ನು ನಿರಾಕರಿಸಿ ಹೊರಟ ಅವಳು ಮರುಜನ್ಮ ಪಡೆದು, ಕ್ವಿಬೆಕ್‌ನ ಅದೇ ಗುಡ್ಡದ ಮೇಲೆ ಅವನನ್ನು ಹುಡುಕಿಕೊಂಡು ಬರುವ ಅಂತಿಮ ದೃಶ್ಯ ಈ ಎತ್ತರವನ್ನು ಹಿಂದಕ್ಕೆ ಪಡೆದುಬಿಡುತ್ತದೆ. ಅವಳು ಬರುವುದು ಮತ್ತೆ ಶಾಲಾ ಹುಡುಗಿಯಾಗಿ, ಸಮವಸ್ತ್ರ ಧರಿಸಿ. ಮೊದಲ ಕಂತುಗಳ ಅಂತರವನ್ನೇ ಸವಿಯಾದ ನೆನಪೆಂಬಂತೆ ಮರಳಿ ಕೊಡುವ ಈ ಆಯ್ಕೆ, ನಡುವೆ ನಡೆದದ್ದೆಲ್ಲವನ್ನೂ, ಅವಳು ಬೆಳೆದದ್ದನ್ನೂ, ದುಡಿದದ್ದನ್ನೂ, ಸಾವನ್ನು ತಾನೇ ಆರಿಸಿಕೊಂಡದ್ದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಇದು ಬರಹಗಾರ್ತಿಗೆ ಬೇರೆ ದಾರಿ ತಿಳಿಯದೆ ಆದದ್ದೆಂದು ಹೇಳಲು ಬರುವುದಿಲ್ಲ, ಏಕೆಂದರೆ ಬೇರೆ ದಾರಿಯನ್ನು ಅವರೇ ಉಪಕಥೆಯಲ್ಲಿ ಬರೆದಿದ್ದಾರೆ. ಕೋಳಿ ಖಾದ್ಯದ ಅಂಗಡಿ ನಡೆಸುವ ಸನ್ನಿ (ಯೂ ಇನ್-ನಾ) ತಾನು ಹಿಂದಿನ ಜನ್ಮದ ರಾಣಿಯೆಂದೂ, ತಾನು ಮೆಚ್ಚಿದ ಯಮದೂತನೇ ತನ್ನ ಮತ್ತು ಅಣ್ಣನ ಸಾವಿಗೆ ಕಾರಣನಾದ ಗಂಡನೆಂದೂ ತಿಳಿದ ಮೇಲೆ, ಪ್ರೀತಿಯಿದ್ದೂ ಈ ಜನ್ಮದಲ್ಲಿ ಅವನನ್ನು ಮತ್ತೆ ನೋಡುವುದಿಲ್ಲವೆಂದು ಶಿಕ್ಷೆ ವಿಧಿಸಿ ಹೊರಟುಹೋಗುತ್ತಾಳೆ. ದೂತನ ಕೈಗೆ ಬರುವ ಕಟ್ಟಕಡೆಯ ಚೀಟಿಯಲ್ಲಿರುವುದು ಅವಳದೇ ಹೆಸರು. ಆ ಶಿಕ್ಷೆಯನ್ನು ಇಬ್ಬರೂ ಪೂರ್ತಿ ಅನುಭವಿಸಿದ ಮೇಲಷ್ಟೇ ಅವರು ಜೊತೆಯಾಗಿ ಹೊರಡುತ್ತಾರೆ, ಮತ್ತು ಮುಂದಿನ ಜನ್ಮದಲ್ಲಿ ಒಬ್ಬ ಪೊಲೀಸ್ ಪತ್ತೇದಾರ ಮತ್ತು ಒಬ್ಬ ನಟಿಯಾಗಿ, ಹಳೆಯ ಸಾಲವಿಲ್ಲದ ಇಬ್ಬರು ಪ್ರಾಯದವರಾಗಿ ಸಂಧಿಸುತ್ತಾರೆ. ಪ್ರೇಮಕ್ಕೆ ಕ್ಷಮೆಗಿಂತ ಮುಂಚೆ ನ್ಯಾಯ ಬೇಕೆಂಬ ಅರಿವು, ಮತ್ತು ಜನ್ಮ ಬದಲಾದಾಗ ಸಂಬಂಧದ ಆಕಾರವೂ ಬದಲಾಗಬೇಕೆಂಬ ಅರಿವು, ಈ ಜೋಡಿಗೆ ದೊರೆತಿದೆ. ಮುಖ್ಯ ಜೋಡಿಗೂ ಅದು ದೊರೆತಿದ್ದರೆ, ಇಪ್ಪತ್ತೊಂಬತ್ತರ ಉನ್-ತಾಕ್‌ಳೇ ತನ್ನ ಕೆಲಸ, ತನ್ನ ವಯಸ್ಸು, ತನ್ನ ತೀರ್ಮಾನಗಳ ಸಮೇತ ಆ ಗುಡ್ಡವನ್ನು ಹತ್ತಿ ಬರುತ್ತಿದ್ದಳು.