ಶಾಸನ ಪುಸ್ತಕದ ಪ್ರಪೋಸಲ್: ಕದ್ರಿಯ ಪೀಠ ಹೇಳಿದಷ್ಟೇ ಹೇಳೋಣ

ಆಫೀಸಿನ ಕೆಲಸ ಮುಗಿದ ಮೇಲೆ ಜೆಪ್ಪುವಿನ ಮನೆಯಲ್ಲಿ ಕೂತು ಆಳುಪರ ಶಾಸನಗಳ ಬಗ್ಗೆ ಒಂದು ಪುಸ್ತಕದ ಪ್ರಪೋಸಲ್ ಸಿದ್ಧ ಮಾಡ್ತಾ ಇದ್ದೇನೆ. ಅಕಾಡೆಮಿಕ್ ಪ್ರಕಾಶಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಪುಸ್ತಕದ ಮುಖ್ಯ ವಾದ ಏನು, ಹೊಸದೇನು, ಸ್ಪರ್ಧಿ ಪುಸ್ತಕಗಳು ಯಾವುವು, ಓದುಗರು ಯಾರು, ಚಿತ್ರಗಳು ಎಷ್ಟು, ಲೇಖಕರ ಅರ್ಹತೆ ಏನು. ಜೊತೆಗೆ ಒಂದು ಮಾದರಿ ಅಧ್ಯಾಯ.

ನನ್ನ ತಕರಾರು ಮೊದಲ ಪ್ರಶ್ನೆಯ ಬಗ್ಗೆ. ಇತಿಹಾಸದ ಪುಸ್ತಕಕ್ಕೆ ಅದು ಸರಿ. ಶಾಸನ ಸಂಪಾದನೆಗೆ? ಅಲ್ಲಿ ಪಾಠವೇ ಮುಖ್ಯ, ವಾದ ಅದರ ಹಿಂದೆ ಬರಬೇಕು. ಒಂದು ಸಾಲಿನಲ್ಲಿ ದೊಡ್ಡ ವಾದ ಹೇಳಿ ಅಂದಾಗ ಶಾಸನ ಹೇಳದ್ದನ್ನೂ ನಾವು ಹೇಳಿಬಿಡ್ತೇವೆ.

ಕದ್ರಿಯನ್ನೇ ತಗೊಳ್ಳಿ. ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಸಂಸ್ಕೃತ ಶಾಸನ ಇದೆ. ಕಲಿವರ್ಷ 4068 ಕಳೆದಿತ್ತು ಎನ್ನುತ್ತದೆ, ಅಂದರೆ ಕ್ರಿ.ಶ. 968. ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನ ಪ್ರತಿಷ್ಠೆ ಆಯಿತು ಅಂತ ಅಲ್ಲಿ ಬರೆದಿದೆ. ‘ಕದ್ರಿ ಬೌದ್ಧ ಕ್ಷೇತ್ರವಾಗಿತ್ತು’ ಎಂದು ಪ್ರಪೋಸಲ್‌ನಲ್ಲಿ ಬರೆದರೆ ಯಾವ ಸಂಪಾದಕರೂ ತಲೆ ಎತ್ತಿ ನೋಡ್ತಾರೆ. ಆದರೆ ಅದೇ ಶಾಸನ ಅರಸನನ್ನು ಬಾಲಚಂದ್ರನನ್ನು ಮುಡಿದವನ, ಎಂದರೆ ಶಿವನ, ಪಾದಕಮಲದ ದುಂಬಿ ಎಂದೂ ಕರೆಯುತ್ತದೆ. ಎರಡೂ ಮಾತು ಒಂದೇ ಪೀಠದಲ್ಲಿ! ‘ವಿಹಾರ’ ಮಾತ್ರ ಹಿಡಿದರೆ ಒಂದು ಪುಸ್ತಕ, ‘ಶಿವಭಕ್ತ’ ಮಾತ್ರ ಹಿಡಿದರೆ ಇನ್ನೊಂದು. ಎರಡನ್ನೂ ಒಟ್ಟಿಗೆ ಇಡುವ ಪ್ರಪೋಸಲ್‌ಗೆ ಅಬ್ಬರ ಕಡಿಮೆ, ಆದರೆ ಪ್ರಾಮಾಣಿಕವಾದದ್ದು ಅದೇ.

ಚಿತ್ರಗಳ ವಿಷಯವೂ ಇದೇ ಸಾಲಿಗೆ ಸೇರುತ್ತದೆ. ಖರ್ಚು ಎಂದು ಮೊದಲು ಕತ್ತರಿ ಬೀಳುವುದು ಚಿತ್ರಗಳಿಗೆ. ಶಾಸನ ಪುಸ್ತಕದಲ್ಲಿ ಪಡಿಯಚ್ಚು ಅಲಂಕಾರ ಅಲ್ಲ ಮಾರಾಯ್ರೇ, ಅದೇ ಸಾಕ್ಷಿ. ಅದಿಲ್ಲದಿದ್ದರೆ ನನ್ನ ಓದು ಸರಿಯೋ ತಪ್ಪೋ ಎಂದು ಓದುಗ ನೋಡುವುದು ಹೇಗೆ? ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಏಳನೇ ಸಂಪುಟದಲ್ಲಿ ನಮ್ಮ ಜಿಲ್ಲೆಯ ಬಹಳಷ್ಟು ಶಾಸನಗಳ ಪಾಠ ಇದೆ, ಅನುವಾದ ಇಲ್ಲ. ಹಾಗಾಗಿ ಚಿತ್ರ, ಪಾಠ, ಅನುವಾದ ಮೂರೂ ಒಟ್ಟಿಗೆ ಬೇಕು ಎಂದು ಪ್ರಪೋಸಲ್‌ನಲ್ಲೇ ಕಾರಣ ಸಮೇತ ಹೇಳಬೇಕು.

‘ಸ್ಪರ್ಧಿ ಪುಸ್ತಕ’ ಅನ್ನುವ ಮಾತೂ ನಮಗೆ ಹೊಂದುವುದಿಲ್ಲ. ಕೆ.ವಿ. ರಮೇಶ್ ಅವರ ದಕ್ಷಿಣ ಕನ್ನಡ ಇತಿಹಾಸವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಹೊರತಂದಿತು. ಪಿ. ಗುರುರಾಜ ಭಟ್ಟರು ತುಳುವ ಇತಿಹಾಸ, ಸಂಸ್ಕೃತಿಯ ಹೆಬ್ಬೊತ್ತಿಗೆಯನ್ನು 1975ರಲ್ಲಿ ತಾವೇ ಪ್ರಕಟಿಸಿದರು. ದಾರಿ ಬೇರೆ ಬೇರೆ, ಇವತ್ತಿಗೂ ಎರಡನ್ನೂ ಬಿಟ್ಟು ಒಂದು ಹೆಜ್ಜೆ ಇಡಲಾಗದು. ಅವು ನಮಗೆ ಸ್ಪರ್ಧಿಗಳಲ್ಲ, ಸಾಲ ಕೊಟ್ಟವರು.

ಹಾಗಂತ ಆ ಫಾರ್ಮ್ ಪೂರ್ತಿ ದಂಡ ಅಲ್ಲ. ‘ಹೊಸದೇನು?’ ಎಂಬ ಪ್ರಶ್ನೆ ಹವ್ಯಾಸಿಗಳಿಗೆ ಔಷಧಿಯ ಹಾಗೆ. ‘ಮೊದಲ ಬಾರಿಗೆ ಪತ್ತೆ’ ಎಂದು ನಾವು ಸಂಭ್ರಮಿಸುವ ಎಷ್ಟೋ ಕಲ್ಲುಗಳು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳಲ್ಲಿ ಒಂದು ಸಾಲಾಗಿ ಆಗಲೇ ದಾಖಲಾಗಿರುತ್ತವೆ. ಆ ಪಟ್ಟಿಗಳನ್ನು ನೋಡದೆ ಪ್ರಪೋಸಲ್ ಕಳಿಸಬಾರದು.

ನನ್ನ ಸಲಹೆ ಇಷ್ಟೇ. ಮಾದರಿ ಅಧ್ಯಾಯಕ್ಕೆ ಮುನ್ನುಡಿಯಂಥ ಭಾಷಣ ಬೇಡ, ಒಂದೇ ಒಂದು ಶಾಸನ ಕೊಡಿ: ಪಡಿಯಚ್ಚು, ಸಾಲು ಸಂಖ್ಯೆ ಸಹಿತ ಪಾಠ, ಹಿಂದಿನವರ ಓದಿಗೂ ನಿಮ್ಮ ಓದಿಗೂ ಇರುವ ವ್ಯತ್ಯಾಸ, ಅನುವಾದ, ಕೊನೆಗೆ ಚರ್ಚೆ. ಅರ್ಹತೆಯ ಕಾಲಂನಲ್ಲಿ ಇಂಜಿನಿಯರ್ ಎಂದೇ ಬರೆಯಿರಿ, ಸಂಕೋಚ ಬೇಡ. ಪರಿಶೀಲಿಸುವವರು ಕೊನೆಗೆ ನೋಡುವುದು ಅಕ್ಷರ ಸರಿಯಾಗಿ ಓದಿದ್ದೀರಾ ಅಂತ.