ಗೌತಂಪುರದ ಹಳೆಯ ಆಟಗಾರರು

ಬೆಂಗಳೂರಿನ ಹಲಸೂರು ಬಳಿಯ ಗೌತಂಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಬ್ರೆಜಿಲ್‌ನ ಕಾಲ್ಚೆಂಡಿನ ಆಟಗಾರ ಪೆಲೆಯೂ ನಿಂತಿದ್ದಾನೆ. ಊರವರು ಆ ಕೇರಿಯನ್ನು ಮಿನಿ ಬ್ರೆಜಿಲ್ ಎನ್ನುತ್ತಾರೆ.

ಪ್ರತಿಮೆಗಿಂತ ಹೆಚ್ಚು ಮೆಚ್ಚಬೇಕಾದದ್ದು ಅಲ್ಲಿನ ಹಳೆಯ ಆಟಗಾರರನ್ನು. ಹರೆಯದಲ್ಲಿ ಕ್ಲಬ್ಬುಗಳಿಗೆ ಆಡಿದವರೇ ಈಗ ಕೇರಿಯ ಮಕ್ಕಳಿಗೆ ಕಲಿಸುತ್ತಾರೆ. ಸಣ್ಣದಲ್ಲ ಆ ಕೆಲಸ. ದೊಡ್ಡವರು ಆಡುವ ಐದನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಎಳೆಯ ಕಾಲಿಗೆ ಅದು ಭಾರ. ಹನ್ನೆರಡರೊಳಗಿನವರಿಗೆ ನಾಲ್ಕನೇ ಅಳತೆಯದೇ ಸರಿ. ಪಾದದ ಒಳಬದಿಯಿಂದ ಚೆಂಡು ತಳ್ಳುವುದು, ಬಂದದ್ದನ್ನು ಅಂಗಾಲಿನಡಿ ನಿಲ್ಲಿಸುವುದು, ಇಷ್ಟನ್ನೇ ತಿಂಗಳುಗಟ್ಟಲೆ ತಿದ್ದಬೇಕು. ಇಂಥ ತಾಳ್ಮೆಗೆ ಯಾರೂ ಕಪ್ ಕೊಡುವುದಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ಬಳಿಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ತಂಡಗಳ ಬೇರು ಇಂಥ ಕೇರಿಗಳಲ್ಲೇ ಇದೆ.

ಮಕ್ಕಳಿಗೆ ಕಲಿಸುವ ಈ ಕೆಲಸ ಕರಾವಳಿಯಲ್ಲೂ ಆಗಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಮಳೆಗಾಲ ಬಂತೆಂದರೆ ಕ್ರಿಕೆಟ್ ಬ್ಯಾಟು ಮೂಲೆ ಸೇರುತ್ತದೆ. ಕಾಲ್ಚೆಂಡಿಗೆ ಕೆಸರು ಅಡ್ಡಿಯೇ ಅಲ್ಲ! ಶಾಲೆ, ಕಾಲೇಜಿನ ತಂಡಕ್ಕೆ ಹಿಂದೆ ಆಡಿದ ನೀವು ಊರಿನಲ್ಲೇ ಇದ್ದರೆ, ಈ ಜೂನ್‌ನಲ್ಲಿ ಒಂದು ಚೆಂಡು ಹಿಡಿದು ಹತ್ತಿರದ ಶಾಲೆಯ ಮೈದಾನಕ್ಕೆ ಬನ್ನಿ.