ಮುತ್ತು, ಮಾತು ಮತ್ತು ರಾಜಿ: ಕೂಡ್ಲಿಗಿ ಸೀಮೆಯ ಬಸವಿ ಸಂಕಥನದ ಒಂದು ವಿಮರ್ಶೆ

1

ಆಫ್ರಿಕಾದ ರಾಜಕಾರಣವನ್ನು ಕುರಿತ ಕಳೆದ ಮೂರು ದಶಕಗಳ ಚರ್ಚೆಗಳಲ್ಲಿ ಮಾಧ್ಯಮ, ಮಾನವ ಹಕ್ಕು ಮತ್ತು ಶಾಂತಿಸಂಧಾನ ಎಂಬ ಮೂರು ಪರಿಕಲ್ಪನೆಗಳು ಜೊತೆಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ. 1994ರ ರುವಾಂಡಾ ನರಮೇಧದಲ್ಲಿ ರೇಡಿಯೋ ದ್ವೇಷದ ಆಯುಧವಾಯಿತು. ದಕ್ಷಿಣ ಆಫ್ರಿಕಾದಲ್ಲಿ 1996ರಿಂದ ನಡೆದ ಸತ್ಯ ಮತ್ತು ಸಮನ್ವಯ ಆಯೋಗದ ವಿಚಾರಣೆಗಳನ್ನು ರೇಡಿಯೋ ಮತ್ತು ದೂರದರ್ಶನಗಳೇ ಮನೆಮನೆಗೆ ಮುಟ್ಟಿಸಿದವು. ಈ ಎರಡು ನಿದರ್ಶನಗಳ ನಡುವೆ ಒಂದು ಮೂಲಭೂತ ಪ್ರಶ್ನೆಯಿದೆ. ನೊಂದವರ ಮಾತು ಯಾರ ಬಾಯಿಂದ, ಯಾವ ರೂಪದಲ್ಲಿ ಹೊರಬರುತ್ತದೆ? ಆ ಮಾತಿನಿಂದ ಹುಟ್ಟುವುದು ನ್ಯಾಯವೋ, ಬರಿಯ ರಾಜಿಯೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಸೀಮೆಗೆ ಈ ಪ್ರಶ್ನೆ ಪರಕೀಯವಾದುದಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿರುವ ಈ ಪ್ರದೇಶದಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ದೀರ್ಘಕಾಲ ಬಾಳಿದೆ. ಅದನ್ನು ಕುರಿತು ಬರೆದವರು ಅನೇಕರು; ಅದನ್ನು ತಡೆಯಲು ಬಂದ ಕಾನೂನುಗಳೂ ಒಂದಕ್ಕಿಂತ ಹೆಚ್ಚು. ಆದರೆ ಈ ಬರವಣಿಗೆ ಮತ್ತು ಕಾನೂನುಗಳಲ್ಲಿ ಬಸವಿಯು ಮಾತನಾಡುವ ವ್ಯಕ್ತಿಯಾಗಿ ಕಾಣುವುದಕ್ಕಿಂತ ಸಾಕ್ಷ್ಯವಸ್ತುವಾಗಿಯೇ ಹೆಚ್ಚು ಕಾಣುತ್ತಾಳೆ. ಹೀಗೇಕಾಯಿತು ಎಂಬುದನ್ನು ಕೆಲವು ಪಠ್ಯಗಳ ಮೂಲಕ ಪರಿಶೀಲಿಸುವುದು, ಪಶ್ಚಿಮ ಆಫ್ರಿಕಾದ ಒಂದು ಸಮಾನ ಸಂದರ್ಭದೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಆಡುಮಾತನ್ನೇ ಗಮನಿಸಬಹುದು. ಈ ಭಾಗದ ಜನರು ‘ಬಸವಿ ಬಿಟ್ಟರು’, ‘ಮುತ್ತು ಕಟ್ಟಿದರು’ ಎನ್ನುತ್ತಾರೆ. ದೇವರ ಹೆಸರಿನಲ್ಲಿ ಊರಿಗೆ ಬಿಟ್ಟ ಗೂಳಿ ಬಸವನಾದರೆ, ಹಾಗೆ ಬಿಟ್ಟ ಹೆಣ್ಣು ಬಸವಿ. ಈ ಕ್ರಿಯಾಪದಗಳಿಗೆ ಬಹುವಚನದ ಕರ್ತೃವಿದ್ದರೂ ಆ ಕರ್ತೃವಿಗೆ ಹೆಸರಿಲ್ಲ. ಬಿಟ್ಟವರು ಯಾರು, ಕಟ್ಟಿದವರು ಯಾರು ಎಂಬುದನ್ನು ವಾಕ್ಯವೇ ಮರೆಮಾಡುತ್ತದೆ. ತಾಯಿ ತಂದೆ, ಪೂಜಾರಿ, ಹಿರಿಯ ಜೋಗತಿ, ಎದುರಿಗೆ ನಿಂತ ಊರ ದೈವಸ್ಥರು ಎಲ್ಲರೂ ಆ ‘ಅರು’ ಪ್ರತ್ಯಯದೊಳಗೆ ಅಡಗಿರುತ್ತಾರೆ. ಜವಾಬ್ದಾರಿಯ ಪ್ರಶ್ನೆ ಬಂದಾಗಲೆಲ್ಲ ಈ ವ್ಯಾಕರಣವೇ ಮರುಕಳಿಸುವುದನ್ನು ಮುಂದೆ ಕಾಣುತ್ತೇವೆ.

ವಸಾಹತು ಕಾಲದ ಬರವಣಿಗೆ ಬಸವಿಯನ್ನು ಬೇರೊಂದು ಬಗೆಯಲ್ಲಿ ಕಂಡಿತು. ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಸವಿಯರನ್ನು ಕುರಿತು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಅರ್ಪಣೆಯ ಮೂಲಕ ಪುರುಷರ ಹಕ್ಕುಗಳನ್ನು ಪಡೆಯುವ ಸ್ತ್ರೀಯರು ಎಂಬ ವಿವರಣೆಯಿದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಬಸವಿಯ ವಿವರಗಳಿವೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳು ಬಸವಿಯಾಗಿ ಉಳಿದು ಆಸ್ತಿಗೆ ಹಕ್ಕುದಾರಳಾಗುವುದು, ಹೆತ್ತವರ ಅಂತ್ಯಕ್ರಿಯೆ ನಡೆಸುವುದು, ಅವಳ ಮಕ್ಕಳು ತಾಯಿಯ ಮನೆತನಕ್ಕೇ ಸೇರುವುದು ಇಂಥ ಬರಹಗಳಿಗೆ ಕುತೂಹಲದ ಸಂಗತಿಗಳಾಗಿದ್ದವು.

ಈ ದಾಖಲೆಗಳಿಗೆ ಎರಡು ಮಿತಿಗಳಿವೆ. ಹಕ್ಕು ಎಂಬ ಮಾತು ಅಲ್ಲಿ ಬಂದರೂ ಅದು ಮಗಳಿಗೆ ದಕ್ಕಿದ ಹಕ್ಕಿಗಿಂತ ಮನೆತನಕ್ಕೆ ದಕ್ಕಿದ ಅನುಕೂಲವಾಗಿತ್ತು. ಅವಳ ಒಪ್ಪಿಗೆಯನ್ನು ಕೇಳಿದ ಕುರುಹು ಇಲ್ಲ. ಭೂಮಿಯೇ ಇಲ್ಲದ ಪರಿಶಿಷ್ಟ ಕುಟುಂಬದ ಬಸವಿಗೆ ಬರುವ ಆಸ್ತಿಯಾದರೂ ಯಾವುದು ಎಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಹಾಗಿದ್ದರೂ ಈ ಬರಹಗಳಿಂದ ತಿಳಿಯುವ ಒಂದು ಸತ್ಯವನ್ನು ನಂತರದ ಮಾಧ್ಯಮಗಳು ಕೈಬಿಟ್ಟವು. ಬಸವಿ ಪದ್ಧತಿಯ ಬೇರು ದೇವಾಲಯದಲ್ಲಿರುವಷ್ಟೇ ಮನೆಯ ಒಳಗೆ, ಮುಪ್ಪಿನ ಕಾಲಕ್ಕೆ ಆಸರೆಯಿಲ್ಲವೆಂಬ ಹೆತ್ತವರ ಭಯದಲ್ಲಿಯೂ ಇದೆ.

3

ಕನ್ನಡದ ಮಧ್ಯಮವರ್ಗದ ಓದುಗ ಮತ್ತು ಪ್ರೇಕ್ಷಕರಿಗೆ ದೇವದಾಸಿಯ ಬಿಂಬವನ್ನು ಕೊಟ್ಟದ್ದು ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಗೆಜ್ಜೆಪೂಜೆ’ (1969). ಈ ಚಿತ್ರದ ಮಾನವೀಯತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ನಾಯಕಿ ಚಂದ್ರಾಳ ಹಂಬಲವೆಲ್ಲ ಮರ್ಯಾದಸ್ಥ ವಿವಾಹದತ್ತ ಇದೆ. ಅದು ಮುರಿದಾಗ ಕತೆಗೆ ಸಾವಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ಕೂಡ್ಲಿಗಿ ಸೀಮೆಯ ಬಸವಿಗೆ ಗೆಜ್ಜೆಯೂ ಇಲ್ಲ, ಸಂಗೀತದ ಮನೆಯೂ ಇಲ್ಲ. ಅವಳು ಹೊಲದ ಕೂಲಿಗೆ ಹೋಗುವವಳು, ಮಕ್ಕಳನ್ನು ಒಬ್ಬಳೇ ಸಾಕುವವಳು, ಸಾಯದೆ ಉಳಿಯಬೇಕಾದವಳು. ಚಿತ್ರವು ರೂಢಿಸಿದ ಕರುಣೆಯ ಚೌಕಟ್ಟಿನಲ್ಲಿ ಅವಳಿಗೆ ಸ್ಥಳ ಸಾಲದು.

ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ಕಥನಲೋಕವು ಈ ಸೀಮೆಯ ಮಾತಿನ ಒರಟುತನಕ್ಕೆ ಸಾಹಿತ್ಯಕ ಮಾನ್ಯತೆ ತಂದುಕೊಟ್ಟಿತು. ಅವರ ಕತೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ (1994) ದಲಿತ ಹುಡುಗನೊಬ್ಬನ ಓದಿನ ಹಂಬಲವನ್ನು ಊರಿನ ಅಧಿಕಾರ ಸಂಬಂಧಗಳ ನಡುವೆ ಇಟ್ಟು ನೋಡಿತು. ಇಲ್ಲಿ ಊರು ಬರಿಯ ಹಿನ್ನೆಲೆಯಲ್ಲ, ಪಾತ್ರ. ಬಸವಿಯನ್ನು ಕುರಿತ ಬರವಣಿಗೆಗೆ ಬೇಕಾಗಿದ್ದುದೂ ಇದೇ ದೃಷ್ಟಿ.

ಪತ್ರಿಕಾ ವರದಿಗಳು ಈ ದೃಷ್ಟಿಯನ್ನು ಪಡೆಯಲಿಲ್ಲ. ‘ಪಿಡುಗು’, ‘ಅನಿಷ್ಟ’, ‘ಇನ್ನೂ ಜೀವಂತ’ ಎಂಬ ಸಿದ್ಧ ಪದಗಳಲ್ಲಿ ಸುದ್ದಿ ರೂಪುಗೊಳ್ಳುತ್ತದೆ. ಭರತ ಹುಣ್ಣಿಮೆಗೆ ಬೆಟ್ಟದ ಛಾಯಾಚಿತ್ರ ಬರುತ್ತದೆ. ಹುಣ್ಣಿಮೆ ಕಳೆದೊಡನೆ ಸುದ್ದಿಯೂ ಕಳೆಯುತ್ತದೆ. ಒಂದು ನಿದರ್ಶನ ಸಾಕು. 2014ರ ಫೆಬ್ರವರಿ 13ರ ರಾತ್ರಿ ದಾವಣಗೆರೆ ಜಿಲ್ಲೆಯ ದೇವಾಲಯವೊಂದರಲ್ಲಿ ನಡೆಯಲಿದೆಯೆನ್ನಲಾದ ಅರ್ಪಣೆಯನ್ನು ತಡೆಯಲು ಕ್ರಮ ಕೈಗೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು ರಾಜ್ಯದ ಮುಖ್ಯ ಕಾರ್ಯದರ್ಶಿಯವರಿಗೆ ಸೂಚಿಸಿತು. ದೇಶದಾದ್ಯಂತ ಪ್ರಕಟವಾದ ವರದಿಗಳಲ್ಲಿ ಆ ಸ್ಥಳದ ಹೆಸರು ‘ಉತ್ತಂಗಿ ಮಾಲಾ ದುರ್ಗ’ ಎಂದಿತ್ತು. ಉತ್ತಂಗಿ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ. ಹರಪನಹಳ್ಳಿ ತಾಲ್ಲೂಕು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಆ ಫೆಬ್ರವರಿ 14ರಂದು ಭರತ ಹುಣ್ಣಿಮೆ. ಜಿಲ್ಲೆ ಮತ್ತು ತಿಥಿಗಳೆರಡೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕಡೆಗೇ ಬೆರಳು ಮಾಡುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ. ಬೆಟ್ಟದ ಹೆಸರನ್ನು ಕೇಳಿ ತಿಳಿಯುವಷ್ಟು ವ್ಯವಧಾನವೂ ಸುದ್ದಿಗೆ ಇರಲಿಲ್ಲವೆಂದ ಮೇಲೆ, ಆ ಬೆಟ್ಟ ಹತ್ತಿದ ಹೆಣ್ಣಿನ ಮಾತನ್ನು ಅದು ಕೇಳಿರಬಹುದೆಂದು ನಿರೀಕ್ಷಿಸುವುದು ಕಷ್ಟ.

4

ಕಾನೂನಿನ ಪಠ್ಯವನ್ನೂ ಹೀಗೆಯೇ ಓದಬೇಕಾಗಿದೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆದ್ದರಿಂದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾದ 1947ರ ಮದ್ರಾಸ್ ದೇವದಾಸಿ ಅರ್ಪಣೆ ತಡೆ ಕಾಯಿದೆ ಈ ಸೀಮೆಗೂ ಬಂದಿತ್ತು. 1982ರ ಕರ್ನಾಟಕ ಕಾಯಿದೆ ಬರುವ ಹೊತ್ತಿಗೆ ಇಲ್ಲಿನ ನಿಷೇಧಕ್ಕೆ ಮೂವತ್ತೈದು ವರ್ಷ ತುಂಬಿತ್ತು. ಹೀಗಿದ್ದೂ ರಾಜ್ಯ ಸರ್ಕಾರವು 1993-94 ಮತ್ತು 2007-08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ರಾಜ್ಯದಾದ್ಯಂತ ಒಟ್ಟು 46,660 ದೇವದಾಸಿ ಮಹಿಳೆಯರು ಗುರುತಿಸಲ್ಪಟ್ಟರು. ನಿಷೇಧದ ಮಾತು ಮತ್ತು ಬದುಕಿನ ನಡೆ ಬೇರೆ ಬೇರೆಯಾಗಿಯೇ ಸಾಗಿದವು.

1982ರ ಕಾಯಿದೆಯಲ್ಲಿ ಅರ್ಪಣೆಯಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಅಪರಾಧಿಯು ತಂದೆ, ತಾಯಿ, ಪೋಷಕ ಅಥವಾ ಬಂಧುವಾಗಿದ್ದರೆ ಶಿಕ್ಷೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗೆ ಏರುತ್ತಿತ್ತು. ಕಾಪಾಡಬೇಕಾದವರೇ ಒಪ್ಪಿಸಿದರೆ ಅಪರಾಧ ಘೋರವೆಂಬ ತರ್ಕ ಸಹಜವೇ. ಆದರೆ ಪರಿಣಾಮವನ್ನು ನೋಡಬೇಕು. ಮಗಳು ದೂರು ಕೊಡಬೇಕಾದರೆ ಮೊದಲು ತಾಯಿಯನ್ನು ಸೆರೆಮನೆಗೆ ಕಳಿಸಬೇಕು. ಆ ತಾಯಿ ತಾನೇ ಹಿಂದೊಮ್ಮೆ ಮುತ್ತು ಕಟ್ಟಿಸಿಕೊಂಡವಳಾಗಿರಬಹುದು. ಅವಳೊಡನೆ ಇದ್ದು ಹೋದ ಪುರುಷನ ಹೆಸರು ದೂರಿನಲ್ಲಿ ಬರುವ ಸಂದರ್ಭವೇ ಇಲ್ಲ. ಕಾಯಿದೆ ಬಂದ ನಂತರ ಅರ್ಪಿತಳಾದವಳು ಪುನರ್ವಸತಿ ಕೇಳಲು ಬಂದರೆ, ತನ್ನ ಮನೆಯವರು ಅಪರಾಧ ಎಸಗಿದರೆಂದು ತಾನೇ ಹೇಳಿದಂತಾಗುತ್ತದೆ. ಮೌನವನ್ನು ಮೂಢನಂಬಿಕೆಯೆಂದು ಓದುವ ಮಾಧ್ಯಮಗಳು ಈ ಇಕ್ಕಟ್ಟನ್ನು ಗಮನಿಸಿದ್ದು ವಿರಳ.

ಆಡಳಿತದ ಪರಿಭಾಷೆಯೂ ಇದಕ್ಕೆ ಹೊರತಲ್ಲ. ‘ಮಾಜಿ ದೇವದಾಸಿ’ ಎಂಬುದು ಕಡತದ ಮಾತು. ಮಂತ್ರಿ ಮಾಜಿಯಾಗಬಹುದು; ಕೇರಿಯ ಕಣ್ಣಿನಲ್ಲಿ ಬಸವಿ ಮಾಜಿಯಾಗುವುದಿಲ್ಲ. ಅವಳ ಮಗುವಿನ ಶಾಲಾ ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣ ಖಾಲಿ ಉಳಿಯುವವರೆಗೆ ಆ ‘ಮಾಜಿ’ ಎಂಬ ವಿಶೇಷಣಕ್ಕೆ ಅರ್ಥವಿಲ್ಲ. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕವು ಮಕ್ಕಳ ಹಕ್ಕು ಮತ್ತು ತಂದೆಯ ಹೆಸರಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಈ ದೃಷ್ಟಿಯಿಂದ ಅದು ಹಿಂದಿನ ಕಾಯಿದೆಗಿಂತ ಒಂದು ಹೆಜ್ಜೆ ಮುಂದಿದೆ.

5

ಪಶ್ಚಿಮ ಆಫ್ರಿಕಾದ ಘಾನಾ ದೇಶದ ವೋಲ್ಟಾ ಪ್ರದೇಶದಲ್ಲಿ, ಎವೆ ಜನಾಂಗದ ನಡುವೆ, ‘ಟ್ರೋಕೋಸಿ’ ಎಂಬ ಪದ್ಧತಿಯಿದೆ. ಕುಟುಂಬದ ಯಾರೋ ಎಸಗಿದರೆನ್ನಲಾದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಹೆಣ್ಣುಮಗುವನ್ನು ದೈವಸ್ಥಾನಕ್ಕೆ ಒಪ್ಪಿಸುವುದು ಇದರ ಸ್ವರೂಪ. 1990ರ ದಶಕದಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆ ತಂದವು. 1998ರಲ್ಲಿ ಘಾನಾ ತನ್ನ ದಂಡಸಂಹಿತೆಗೆ ತಿದ್ದುಪಡಿ ತಂದು, ಸಂಪ್ರದಾಯದ ಹೆಸರಿನ ದಾಸ್ಯಕ್ಕೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವನ್ನು ಗೊತ್ತುಪಡಿಸಿತು.

ಆದರೆ ಬಿಡುಗಡೆ ಮುಖ್ಯವಾಗಿ ನಡೆದದ್ದು ನ್ಯಾಯಾಲಯದಲ್ಲಲ್ಲ. ‘ಇಂಟರ್‌ನ್ಯಾಷನಲ್ ನೀಡ್ಸ್’ ಎಂಬ ಸಂಸ್ಥೆ ಮತ್ತು ದೇಶದ ಮಾನವ ಹಕ್ಕು ಆಯೋಗ ಪೂಜಾರಿಗಳೊಡನೆ, ಊರ ಮುಖಂಡರೊಡನೆ ಮಾತುಕತೆ ನಡೆಸಿದವು. ದೈವಸ್ಥಾನಕ್ಕೆ ದನ ಮತ್ತು ಹಣವನ್ನು ಕೊಟ್ಟು, ಎಲ್ಲರ ಎದುರಿಗೆ ವಿಧಿಪೂರ್ವಕವಾಗಿ ಸ್ತ್ರೀಯರನ್ನು ಬಿಡುಗಡೆ ಮಾಡಲಾಯಿತು. ಸಂಪ್ರದಾಯದ ಪರ ನಿಂತ ಆಫ್ರಿಕಾನಿಯಾ ಮಿಷನ್, ಮಾಧ್ಯಮಗಳು ಪದ್ಧತಿಯನ್ನು ವಿಕೃತಗೊಳಿಸಿದವೆಂದು ವಾದಿಸಿತು.

ಈ ಎರಡು ಪದ್ಧತಿಗಳನ್ನು ಒಂದೇ ಎನ್ನಲಾಗದು. ಟ್ರೋಕೋಸಿ ದೈವಸ್ಥಾನದ ಮತ್ತು ಪೂಜಾರಿಯ ವಶಕ್ಕೆ ಹೋಗುತ್ತಾಳೆ. ಬಸವಿ ತವರಿನಲ್ಲಿಯೇ ಉಳಿಯುತ್ತಾಳೆ. ಅಲ್ಲಿ ಹೊರೆಯಾಗುವುದು ಪೂರ್ವಜರ ತಪ್ಪು. ಇಲ್ಲಿ ಜಾತಿ ಮತ್ತು ಬಡತನ. ಆದರೂ ಘಾನಾದ ಅನುಭವದಿಂದ ಎರಡು ಪಾಠಗಳಿವೆ. ಕಟ್ಟಿದ್ದು ಸಭೆಯ ಎದುರಿಗಾದರೆ ಬಿಚ್ಚುವುದೂ ಸಭೆಯ ಎದುರಿಗೇ ಆಗಬೇಕು. ಆಗ ಮಾತ್ರ ಸಮುದಾಯ ಆ ಹೆಣ್ಣನ್ನು ಮರಳಿ ಸ್ವೀಕರಿಸುತ್ತದೆ. ಎರಡನೆಯದು ಎಚ್ಚರಿಕೆಯ ಪಾಠ. ಪರಿಹಾರ ಮೊದಲು ದೈವಸ್ಥಾನಕ್ಕೆ ಸಂದರೆ, ಶಾಂತಿಯ ಬೆಲೆಯನ್ನು ನೊಂದವಳೇ ತೆತ್ತಂತಾಗುತ್ತದೆ.

ನಮ್ಮ ಸೀಮೆಯಲ್ಲಿಯೂ ರಾಜಿಗೆ ಕೂರುವವರು ಊರ ದೈವಸ್ಥರೇ. ಗಂಡ ಹೆಂಡಿರ ಜಗಳ, ಬದುವಿನ ತಕರಾರು, ಜಾತ್ರೆಯ ಮನಸ್ತಾಪ ಎಲ್ಲಕ್ಕೂ ಕಟ್ಟೆಯ ಮೇಲೆ ಅವರು ಸೇರುತ್ತಾರೆ. ಮುತ್ತು ಕಟ್ಟಿದ ದಿನವೂ ಊರಿನ ಸಮ್ಮತಿ ಇದ್ದೇ ಇತ್ತು. ಆದರೆ ಕಾನೂನಿನ ಆರೋಪಪಟ್ಟಿಯಲ್ಲಿ ಊರಿಲ್ಲ, ಸುದ್ದಿಯಲ್ಲಿ ಊರಿಲ್ಲ, ಪುನರ್ವಸತಿಯ ಕಡತದಲ್ಲಿಯೂ ಊರಿಲ್ಲ. ಬಡ ತಾಯಿಯೊಬ್ಬಳು ಅಪರಾಧಿಯಾಗಿ, ಮಗಳು ಫಲಾನುಭವಿಯಾಗಿ ಉಳಿದು, ಉಳಿದವರೆಲ್ಲ ಆ ಬಹುವಚನ ಪ್ರತ್ಯಯದೊಳಗೆ ಮರೆಯಾಗುತ್ತಾರೆ.

6

ಹಾಗಾದರೆ ಅವಳು ಮಾತನಾಡಿದ್ದು ಎಲ್ಲಿ? ದಕ್ಷಿಣ ಆಫ್ರಿಕಾದ ಆಯೋಗದ ಮುಂದೆ ಬಂದ ಸ್ತ್ರೀಯರಲ್ಲಿ ಬಹಳ ಮಂದಿ ಗಂಡನ ಮತ್ತು ಮಕ್ಕಳ ನೋವನ್ನು ಹೇಳಿದರೇ ವಿನಾ ತಮ್ಮದನ್ನು ಹೇಳಲಿಲ್ಲ. ಅದಕ್ಕಾಗಿಯೇ ಆಯೋಗವು 1996 ಮತ್ತು 1997ರಲ್ಲಿ ಸ್ತ್ರೀಯರಿಗಾಗಿ ಪ್ರತ್ಯೇಕ ವಿಚಾರಣೆಗಳನ್ನು ಏರ್ಪಡಿಸಬೇಕಾಯಿತು. ನಮ್ಮಲ್ಲಿ ಅಂಥ ವೇದಿಕೆ ಸರ್ಕಾರದಿಂದ ಬರಲಿಲ್ಲ. ಸಂಘಟನೆ ಮತ್ತು ರಂಗಗಳಿಂದ ಬಂದಿತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘವು ಮಾಸಾಶನ, ಭೂಮಿ, ಮಕ್ಕಳ ಶಿಕ್ಷಣಗಳನ್ನು ಕೇಳಿ ಬೀದಿಗಿಳಿದಾಗ ಈ ಸ್ತ್ರೀಯರು ಕರುಣೆಯ ಪಾತ್ರಗಳಾಗಿರದೆ ಹಕ್ಕು ಕೇಳುವವರಾದರು.

ನೆರೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ನಿದರ್ಶನ ಬೇರೆ ಬಗೆಯದು. ಅವರು ಬಸವಿಯಲ್ಲ, ಗಂಡಾಗಿ ಹುಟ್ಟಿ ಜೋಗತಿಯಾದವರು. ಆದರೂ ಅದೇ ಮುತ್ತಿನ ಲೋಕಕ್ಕೆ ಸೇರಿದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ಟಿ.ವಿ. ವಾಹಿನಿಗಳು ಆ ಕೆಲವು ಕ್ಷಣಗಳನ್ನು ಮತ್ತೆ ಮತ್ತೆ ತೋರಿಸಿದವು. ಆದರೆ ಆ ಸೆರಗಿನ ಹಿಂದಿನ ಹಸಿವು, ಭಿಕ್ಷೆ, ಹಿಂಸೆಗಳನ್ನು ತಿಳಿಯಬೇಕಾದರೆ ಅವರೇ ಹೇಳಿ, ಅರುಣ್ ಜೋಳದಕೂಡ್ಲಿಗಿ ಬರಹಕ್ಕಿಳಿಸಿದ ‘ನಡುವೆ ಸುಳಿವ ಹೆಣ್ಣು’ ಕೃತಿಗೆ ಹೋಗಬೇಕು. ಬಿಂಬಕ್ಕೂ ಮಾತಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಈ ಸೀಮೆಯಲ್ಲಿ ದೊರೆಯುವುದು ಕಷ್ಟ.

ಒಟ್ಟಿನಲ್ಲಿ, ಮಾಧ್ಯಮವು ಬಸವಿಯನ್ನು ಬಿಂಬವಾಗಿಸಿತು, ಕಾನೂನು ಸಾಕ್ಷಿಯಾಗಿಸಿತು, ಆಡಳಿತ ಸಂಖ್ಯೆಯಾಗಿಸಿತು. ಮೂರೂ ಅವಳ ಪರವಾಗಿಯೇ ಮಾತನಾಡಿದವು. ಅವಳು ಮಾತನಾಡುವುದಕ್ಕೆ ಬೇಕಾದ ನಿರ್ಭಯವನ್ನು ಮಾತ್ರ ಒದಗಿಸಲಿಲ್ಲ. ತಾಯಿಯನ್ನು ಸೆರೆಗೆ ನೂಕದೆ ಮಗಳು ತನ್ನ ಕತೆ ಹೇಳಬಲ್ಲ ವ್ಯವಸ್ಥೆ ಬೇಕು. ಆ ಕತೆಗೆ ಊರ ದೈವಸ್ಥರು ಕಟ್ಟೆಯ ಮೇಲೆ ಕೂತು ಉತ್ತರ ಕೊಡಬೇಕಾದ ಹೊಣೆಯೂ ಬೇಕು. ಉಚ್ಚಂಗಿದುರ್ಗದ ದಾರಿಯಲ್ಲಿ ಪಹರೆ ನಿಲ್ಲಿಸುವುದು ಅಗತ್ಯವೇ. ಆದರೆ ಮುತ್ತು ಕಟ್ಟುವ ನಿರ್ಧಾರ ಬೆಟ್ಟದ ಬುಡದಲ್ಲಿ ಆಗುವುದಿಲ್ಲ, ಊರೊಳಗಿನ ಮನೆಯಲ್ಲಿ ಆಗುತ್ತದೆ. ಮುಂದಿನ ಸಂಶೋಧನೆ ಆ ಮನೆಗಳಿಗೆ ಹೋಗಿ, ‘ಕಟ್ಟಿದರು’ ಎಂಬಲ್ಲಿ ಅಡಗಿರುವ ಕರ್ತೃಗಳು ಯಾರೆಂದು ಕೇಳಬೇಕಾಗಿದೆ.